ಹಿಂಬಾಗಿಲಿನ ಪಾಳಿ

ಜನವರಿ ೯

ಸೊಸೆಗೆ,

ಈ ಪತ್ರವನ್ನು ನಿನ್ನ ಅತ್ತೆಯಾಗಿ ಬರೆಯುತ್ತಿಲ್ಲ. 'ನೀಲಿ ನೌಕೆ' ಚಿತ್ರಕಥೆಗಳನ್ನು ಮೊದಲ ಸಂಚಿಕೆಯಿಂದ ಕೊನೆಯ ಸಂಚಿಕೆಯವರೆಗೆ ಅಚ್ಚು ಹಾಕಿದ ಮುದ್ರಣಾಲಯದ ಒಡತಿಯಾಗಿ, ಆ ಕಥೆಗಳ ಅಭಿಮಾನಿಗಳು ವರ್ಷಕ್ಕೊಮ್ಮೆ ಸೇರುವ ಸಮಾವೇಶದ ಅಧ್ಯಕ್ಷೆಯಾಗಿ ಬರೆಯುತ್ತಿದ್ದೇನೆ. ಮೊದಲ ಸಮಾವೇಶ ನಡೆದದ್ದು ನಮ್ಮ ಅಚ್ಚಿನ ಯಂತ್ರಗಳ ನಡುವೆ. ಜನ ಕಾಗದದ ಸುರುಳಿಗಳ ಮೇಲೆ ಕೂತಿದ್ದರು. ಈಗ ಊರಿನ ದೊಡ್ಡ ಸಭಾಂಗಣವೂ ಸಾಲುತ್ತಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೂ ಇಷ್ಟು ವರ್ಷ ನನ್ನ ಮಾತು ಮೀರಿ ಅಲ್ಲಿ ಒಂದು ಕುರ್ಚಿ ಅತ್ತಿತ್ತ ಸರಿದಿಲ್ಲ. ಇದು ನಿನಗೆ ಗೊತ್ತಿರುವ ಸಂಗತಿ.

ಸಭಾಂಗಣದ ಹೊಸ ಮ್ಯಾನೇಜರು ಒಂದು ಕ್ಯಾತೆ ತೆಗೆದಿದ್ದಾರೆ. ನಮ್ಮಲ್ಲಿ 'ಆಪರೇಷನ್ಸ್' ಎನ್ನುವ ಹುದ್ದೆಯವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ, ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಬರೆದು ಕೊಡದಿದ್ದರೆ ಈ ಸಲ ಬೀಗದ ಕೈ ಕೊಡುವುದಿಲ್ಲವಂತೆ. ಸಮಿತಿಯಲ್ಲಿ ಈಗ ಇರುವವರೆಲ್ಲ ಎಳಸುಗಳು. ಒಬ್ಬಳು 'ಎಲ್ಲವನ್ನೂ ನೋಡಿಕೊಳ್ಳುವವರು' ಎಂದು ಬರೆದು ತಂದಳು. "ಎಲ್ಲಾನೂ ನೋಡ್ಕೊಳ್ಳೋಕೆ ಅವರೇನು ದೇವರಾ?" ಎಂದೆ. ನಮ್ಮ ಕಾರ್ಯದರ್ಶಿಗೆ ಬಾಯಿ ಸುಮ್ಮನಿರುವುದಿಲ್ಲ. "ದೇವರಾದ್ರೆ ಒಳ್ಳೇದೇ ಅಲ್ವಾ ಅಮ್ಮ, ವಾಕಿಟಾಕಿ ಚಾರ್ಜ್ ಮಾಡೋ ತಾಪತ್ರಯ ಇರಲ್ಲ" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ಕೆಲಸ ನನ್ನ ದೊಡ್ಡ ಮಗನದಾಗಿತ್ತು, ನಿನ್ನ ಗಂಡನದು. ಅವನು ಏನನ್ನೂ ಬರೆದಿಡಲಿಲ್ಲ. ಅವನ ಪಕ್ಕದಲ್ಲಿ ಮೇಜಿಗೆ ಕೂತು ಆ ಕೆಲಸ ಕಲಿತವಳು ನೀನೊಬ್ಬಳೇ. ಆದ್ದರಿಂದ ನೀನು ಬರೆದು ಕಳಿಸತಕ್ಕದ್ದು. ಫೋನ್ ಮಾಡಬೇಡ. ಬಾಯಿಮಾತು ಗಾಳಿಗೆ ಹೋಗುತ್ತದೆ.

ಹೋದ ವರ್ಷದ ಸಮಾವೇಶ ಚೆನ್ನಾಗಿಯೇ ನಡೆಯಿತು.

ಅಧ್ಯಕ್ಷೆ

*

ಫೆಬ್ರವರಿ ೨

ಅತ್ತೆಯವರಿಗೆ ನಮಸ್ಕಾರ.

ನಾನು ಆ ಊರು ಬಿಟ್ಟ ಮೇಲೆ ನಿಮ್ಮ ಅಕ್ಷರ ನೋಡಿದ್ದು ಇದೇ ಮೊದಲು. ಮಂಡಿ ನೋವು ಹೇಗಿದೆ ಎಂದು ನೀವು ಬರೆದಿಲ್ಲ. ನಾನೂ ಕೇಳುವುದಿಲ್ಲ, ಕೇಳಿದರೆ 'ನನಗೇನಾಗಿದೆ ಧಾಡಿ' ಎನ್ನುತ್ತೀರಿ.

ನಾನು ಇಲ್ಲಿ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದೇನೆ. ಗಾಜಿನ ಗೂಡಿನಲ್ಲಿ ಕೂತು, ಯಾವ ಡ್ರೈವರ್ ಯಾವ ಬಸ್ ಹತ್ತಬೇಕು, ಯಾರು ಇಳಿದು ಮನೆಗೆ ಹೋಗಬೇಕು ಎಂದು ಮೈಕಿನಲ್ಲಿ ಕೂಗುವ ಕೆಲಸ. ಹೇಳಿದ್ದನ್ನೇ ಹೇಳುತ್ತೇನೆಂದು ಡ್ರೈವರುಗಳು ನನ್ನನ್ನು 'ಗೂಡಿನ ಗಿಣಿ' ಎನ್ನುತ್ತಾರೆ.

ನೀವು ಕೇಳಿದ್ದಕ್ಕೆ ಬರುತ್ತೇನೆ. ವೇದಿಕೆಯ ಮೇಲೆ ಏನು ನಡೆಯಬೇಕು ಎನ್ನುವುದು ಕಾರ್ಯಕ್ರಮದವರ ಚಿಂತೆ. ಅದು ನಡೆಯುವಾಗ ಮೂರನೇ ಸಾಲಿನಲ್ಲಿ ಯಾರಿಗೋ ತಲೆ ಸುತ್ತಿದರೆ ಅದು ಆಪರೇಷನ್ಸ್. ಸರದಿ ಸಾಲು ರಸ್ತೆಗೆ ಇಳಿಯದಂತೆ ಬಾಗಿಸುವುದು, ನೆಲದ ಮೇಲಿನ ವೈರುಗಳಿಗೆ ಟೇಪು ಅಂಟಿಸುವುದು, ರಟ್ಟಿನ ಕತ್ತಿ ನಿಜವಾಗಿಯೂ ರಟ್ಟಿನದೇ ಎಂದು ಮುಟ್ಟಿ ನೋಡುವುದು, ವೇಷ ತೊಟ್ಟವರು ಮುಖವಾಡ ಬಿಚ್ಚಿ ನೀರು ಕುಡಿಯಲು ಒಂದು ಕೋಣೆ ಇಡುವುದು, ಇವೆಲ್ಲ ಅದೇ. ಅವರು ಅತಿಥಿಗಳನ್ನು ಕರೆಯುವುದಿಲ್ಲ, ಟಿಕೆಟಿನ ದುಡ್ಡು ಮುಟ್ಟುವುದಿಲ್ಲ, ಮಳಿಗೆ ಯಾರಿಗೆ ಕೊಡಬೇಕೆಂದು ಹೇಳುವುದಿಲ್ಲ. ಆದರೆ ಬಾಗಿಲು ಮುಚ್ಚಿ ಎಂದು ಅವರು ಹೇಳಿದರೆ ಅಧ್ಯಕ್ಷರೂ ಮುಚ್ಚಬೇಕು.

ಸಂಜೆಯ ಕರೆಯನ್ನು ಮರೆಯದೆ ಸೇರಿಸಿ. ಅದು ನಿಮ್ಮ ಮಗನೇ ತಂದ ಪದ್ಧತಿ, ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ನಾನು ನೋಡಿಲ್ಲ. ಸಭಾಂಗಣ ಖಾಲಿ ಮಾಡುವಾಗ ಆಪರೇಷನ್ಸ್ ಮುಖ್ಯಸ್ಥರು ಮೇಜಿನಿಂದ ಒಂದೊಂದೇ ಜಾಗವನ್ನು ಕರೆಯಬೇಕು. ಮುಂಬಾಗಿಲು, ಮಳಿಗೆ ಸಾಲು, ವೇದಿಕೆ, ಹಿಂಬಾಗಿಲು. ಅಲ್ಲಿರುವವರು ಸುತ್ತ ನೋಡಿ, ಯಾರೂ ಉಳಿದಿಲ್ಲವೆಂದರೆ ವಾಕಿಟಾಕಿಯ ಗುಂಡಿಯನ್ನು ಎರಡು ಸಲ ಒತ್ತಬೇಕು. ಟಿಕ್, ಟಿಕ್. ಮಾತು ಬೇಡ. ಎಲ್ಲರೂ ಒತ್ತಿದ ಮೇಲೆ ಒಬ್ಬೊಬ್ಬರಿಗೂ "ನಿಮ್ಮ ಪಾಳಿ ಮುಗೀತು, ಮನೆಗೆ ಹೋಗಿ" ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಯಾರೂ ಜಾಗ ಬಿಟ್ಟು ಕದಲಬಾರದು. ಬಿದ್ದ ಮೇಲೆ ವಾಕಿಟಾಕಿಯನ್ನು ಮೇಜಿಗೆ ತಂದಿಟ್ಟೇ ಹೋಗಬೇಕು.

ಹಿಂಬಾಗಿಲಿನಲ್ಲಿ ಈಗ ಯಾರನ್ನು ನಿಲ್ಲಿಸುತ್ತಿದ್ದೀರಿ?

ನಿಮ್ಮ ಸೊಸೆ

*

ಫೆಬ್ರವರಿ ೧೧

ಸೊಸೆಗೆ,

ನೀನು ಬರೆದದ್ದು ಬಂದಿತು. 'ಅಧ್ಯಕ್ಷರೂ ಮುಚ್ಚಬೇಕು' ಎಂಬುದನ್ನು 'ಅಧ್ಯಕ್ಷರನ್ನು ಕೇಳಿ ಮುಚ್ಚಬೇಕು' ಎಂದು ತಿದ್ದಿದ್ದೇನೆ. ಉಳಿದದ್ದು ಪರವಾಗಿಲ್ಲ.

ಹಿಂಬಾಗಿಲಿನ ಚಿಂತೆ ನಿನಗೆ ಬೇಡ. ಅಲ್ಲಿ ಇರಬೇಕಾದವರು ಇದ್ದಾರೆ. ಗಂಡ ಕೂತಲ್ಲೇ ಪ್ರಾಣ ಬಿಟ್ಟ ಬಾಗಿಲನ್ನು ಹಿಂದೆ ಬಿಟ್ಟು, ಮರುವರ್ಷದ ಸಮಾವೇಶ ಮುಗಿದ ಮರುದಿನ ಬೆಳಗ್ಗೆಯೇ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದವಳು ನೀನು. ಹೇಳದೆ ಹೋದೆ. ಹೊಸ ಸಂಸಾರ ಕಟ್ಟಿಕೊಳ್ಳಲು ಹೋದಳು ಎಂದು ಜನ ಆಡಿಕೊಂಡರು. ನಾನು ಯಾರ ಬಾಯಿಯನ್ನೂ ಮುಚ್ಚಿಸಲು ಹೋಗಲಿಲ್ಲ. ಆಡುವ ಬಾಯಿಗೆ ಅಗುಳಿ ಹಾಕುವುದು ಆಪರೇಷನ್ಸ್‌ನವರ ಕೆಲಸವೆಂದು ನೀನೂ ಬರೆದಿಲ್ಲವಲ್ಲ.

ಸಮಾವೇಶ ಅಕ್ಟೋಬರಿನಲ್ಲಿ. ನಿನಗೆ ಆಮಂತ್ರಣ ಎಂದು ತಿಳಿಯಬೇಡ, ಸುಮ್ಮನೆ ತಿಳಿಸಿದ್ದೇನೆ.

ಅಧ್ಯಕ್ಷೆ

*

ಏಪ್ರಿಲ್ ೨೩

ಅತ್ತೆಯವರಿಗೆ ನಮಸ್ಕಾರ.

ನಿಮಗೆ ಬರೆಯಲು ಹಲವು ಸಲ ಕೂತು, ಬರೆದು, ಹರಿದು ಹಾಕಿದೆ. ಉತ್ತರ ಕೊಡಬಾರದೆಂದೇ ಇದ್ದೆ. ಆದರೆ ಹೋದ ವಾರ ದರ್ಜಿ ಅಕ್ಕ ಈ ಊರಿಗೆ ಬಂದಿದ್ದರು. ನಮ್ಮ ಅಭಿಮಾನಿಗಳಿಗೆಲ್ಲ ವೇಷ ಹೊಲಿದುಕೊಡುವ ಅದೇ ಅಕ್ಕ. ಡಿಪೋದಲ್ಲಿ ನನ್ನನ್ನು ಕಂಡವರೇ ಗೂಡಿನ ಗಾಜು ತಟ್ಟಿದರು.

"ಏನೇ ಹುಡುಗಿ, ನಿಮ್ಮತ್ತೆ ಏನೂ ಹೇಳ್ಲಿಲ್ವಾ? ಹೋದ ವರ್ಷ ಲೋಹದ ಮೇಷ್ಟ್ರು ಒಳಗೇ ಉಳ್ಕೊಂಡ್ಬಿಟ್ಟಿದ್ರು!"

ಲೋಹದ ಮೇಷ್ಟ್ರನ್ನು ನೀವು ಮರೆತಿರಲಾರಿರಿ. ನಿವೃತ್ತ ಶಾಲಾ ಮೇಷ್ಟ್ರು, ಪ್ರತಿವರ್ಷ ತಗಡಿನ ಕವಚ ತೊಟ್ಟು ನೌಕೆಯ ಕಾವಲುಗಾರನಾಗಿ ಬರುವವರು. ಶಿರಸ್ತ್ರಾಣ ತಲೆಗೆ ಕಚ್ಚಿಕೊಂಡಿತೆಂದು, ಜನರೆದುರು ನಗೆಪಾಟಲು ಬೇಡವೆಂದು, ಹಿಂಬಾಗಿಲಿನ ಒಳಗಿನ ಓಣಿಗೆ ಹೋಗಿದ್ದರಂತೆ. ಸಂಜೆ ನೀವು ಕರೆದಿರಿ, 'ಹಿಂಬಾಗಿಲು' ಎಂದಿರಿ, ಟಿಕ್ ಟಿಕ್ ಬಂದಿತು, ಬೀಗ ಬಿದ್ದಿತು. ಆ ಕವಚದಲ್ಲಿ, ನೀರಿಲ್ಲದೆ, ಆ ವಯಸ್ಸಿನವರು ಬೆಳಗ್ಗೆ ಗುಡಿಸುವವರು ಬಂದು ಬಾಗಿಲು ತೆಗೆಯುವವರೆಗೆ ಅಲ್ಲೇ ಇದ್ದರು. ಅವರು ಬದುಕಿದ್ದು ದೊಡ್ಡದು. ಮ್ಯಾನೇಜರು ಬೀಗದ ಕೈಗೆ ಯಾಕೆ ಕ್ಯಾತೆ ತೆಗೆದರೆಂದು ಈಗ ತಿಳಿಯಿತು. ನೀವು ನನಗೆ 'ಚೆನ್ನಾಗಿಯೇ ನಡೆಯಿತು' ಎಂದು ಬರೆದಿರಿ.

ಅಕ್ಕನನ್ನು ಕೇಳಿದೆ, "ಹಿಂಬಾಗಿಲಲ್ಲಿ ಯಾರಿದ್ರು ಅಕ್ಕ?" ಅವರು ಸೆರಗು ಸರಿಮಾಡಿಕೊಂಡರು. "ಯಾರೂ ಇರಲ್ಲ ಕಣೇ. ನಿಮ್ಮತ್ತೆ ಯಾರನ್ನೂ ಹಾಕಲ್ಲ. ಒಂದು ಮಡಿಸೋ ಕುರ್ಚಿ ಇಟ್ಟಿರ್ತಾರೆ, ಅಷ್ಟೇ. ಹೊಸ ಹುಡುಗರಿಗೆ ಗೊತ್ತಿಲ್ಲ. ಟಿಕ್ ಟಿಕ್ ಕೇಳಿದ್ರೆ ಯಾರೋ ಇದ್ದಾರೆ ಅನ್ಕೊಳ್ತಾರೆ. ಗೊತ್ತಿರೋರು ಬಾಯಿ ಬಿಡಲ್ಲ."

ನಾನು ಯಾಕೆ ಹೋದೆನೆಂದು ನೀವು ಒಂದು ದಿನವೂ ಕೇಳಲಿಲ್ಲ. ಈಗ ಕೇಳದೆಯೇ ಹೇಳುತ್ತೇನೆ.

ನಿಮ್ಮ ಮಗ ತೀರಿಹೋದ ದಿನ ಹಿಂಬಾಗಿಲಿಗೆ ಬರಬೇಕಾದವನು ಬರಲಿಲ್ಲ. ಮೇಜನ್ನು ನನಗೆ ಒಪ್ಪಿಸಿ ಅವರೇ ಅಲ್ಲಿ ಹೋಗಿ ಕೂತರು. ಸಂಜೆ ಅವರ ಬದಲು ನಾನು ಕರೆದೆ. ಹಿಂಬಾಗಿಲಿನಿಂದ ಟಿಕ್ ಟಿಕ್ ಬಂದಿತು. ಆಮೇಲೆ ಹೋಗಿ ನೋಡಿದರೆ ಕುರ್ಚಿಯಲ್ಲೇ ತಣ್ಣಗಾಗಿದ್ದರು. ಮಧ್ಯಾಹ್ನವೇ ಹೃದಯ ನಿಂತಿದೆ ಎಂದರು ಡಾಕ್ಟರು. ಮಧ್ಯಾಹ್ನ. ನಾನು ಕರೆದದ್ದು ಸಂಜೆ. ಗುಂಡಿ ಬೆರಳಿನಡಿ ಸಿಕ್ಕಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಒಂದು ವರ್ಷ ಕಳೆದೆ. ಮರುವರ್ಷ ನೀವು ಮೇಜಿಗೆ ಕೂತು, ಅವರ ನೆನಪಿಗೆಂದು ಹಿಂಬಾಗಿಲನ್ನು ಕರೆದಿರಿ. ಎಲ್ಲರೂ ಎದ್ದು ನಿಂತಿದ್ದೆವು. ಟಿಕ್ ಟಿಕ್. ಯಾರೋ ಗೌರವಕ್ಕೆ ಒತ್ತಿದರೆಂದು ಜನ ಚಪ್ಪಾಳೆ ತಟ್ಟಿದರು. ನಿಮ್ಮ ಮುಖದಲ್ಲಿ ನಗೆ ಇತ್ತು. ನಾನು ಬೆಳಗಾಗುವುದನ್ನೇ ಕಾದಿದ್ದು ಬಸ್ಸು ಹತ್ತಿದೆ. ಹೊಸ ಸಂಸಾರಕ್ಕಲ್ಲ.

ಅವರ ವಾಕಿಟಾಕಿ ಅಲ್ಲಿ ಎಲ್ಲೂ ಇಲ್ಲ ಅತ್ತೆ. ನನ್ನ ಪೆಟ್ಟಿಗೆಯಲ್ಲಿದೆ, ಅಂದಿನಿಂದಲೂ. ಬ್ಯಾಟರಿ ತೆಗೆದು ಇಟ್ಟಿದ್ದೇನೆ.

ನಿಮ್ಮ ಸೊಸೆ

*

ಮೇ ೧

ನಮ್ಮ ಮನೆಯ ಸೊಸೆ ಎನಿಸಿಕೊಂಡವಳಿಗೆ,

ದರ್ಜಿಗೆ ಬಟ್ಟೆ ಕತ್ತರಿಸಲು ಕತ್ತರಿ ಕೊಟ್ಟರೆ ನಾಲಿಗೆಗೂ ಅದನ್ನೇ ಬಳಸುತ್ತಾಳೆ. ಅವಳನ್ನು ನಾನು ನೋಡಿಕೊಳ್ಳುತ್ತೇನೆ.

ಮೇಷ್ಟ್ರ ವಿಷಯ ನಿನಗೆ ಬರೆಯಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಅವರಿಗೇನೂ ಆಗಲಿಲ್ಲ. ಮರುದಿನ ನಾನೇ ಅವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದೆ. ಅವರು ಹೇಳಿದ್ದನ್ನು ಸಮಿತಿಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ, ನಿನ್ನ ಬಾಯಿ ಮುಚ್ಚಲಿ ಎಂದು.

"ಹೆದರಿಕೆ ಆಯ್ತಾ ಮೇಷ್ಟ್ರೇ?" ಎಂದು ಕೇಳಿದೆ.

"ಒಬ್ನೇ ಇದ್ದಿದ್ರೆ ಆಗ್ತಿತ್ತೇನೋ ತಾಯಿ" ಎಂದರು. "ಅಲ್ಲಿ ಇನ್ನೊಬ್ರು ಇದ್ರಲ್ಲ. ಕತ್ತಲೆ, ಮುಖ ಕಾಣ್ಲಿಲ್ಲ. ಕುರ್ಚಿ ನನ್ನ ಕಡೆ ಸರಿಸಿದ್ರು. ನೀವು ಕೂತ್ಕೊಳ್ಳಿ ಅಂದೆ. 'ಬೇಡ ಮೇಷ್ಟ್ರೇ, ನನ್ನ ಪಾಳಿ ಇನ್ನೂ ಮುಗಿದಿಲ್ಲ' ಅಂದ್ರು. ರಾತ್ರಿಯೆಲ್ಲ ನಿಂತೇ ಇದ್ರು. ಬೆಳಗ್ಗೆ ಥ್ಯಾಂಕ್ಸ್ ಹೇಳೋಣ ಅಂದ್ರೆ ಇಲ್ಲ. ಯಾರಮ್ಮ ಅವರು, ಹೊಸಬರಾ?"

ಹೊಸಬರೇ ಎಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ನನ್ನ ತಲೆ ಎತ್ತಿಯೇ ಇತ್ತು. ಬದುಕಿರುವವರು ಚಹಾ ಕುಡಿದು ಬರುತ್ತೇನೆಂದು ಜಾಗ ಬಿಟ್ಟು ಹೋಗುತ್ತಾರೆ. ನನ್ನ ಮಗ ಸತ್ತ ಮೇಲೂ ಕೆಲಸ ಬಿಟ್ಟಿಲ್ಲ. ಅಂಥವನು ಇರುವ ಜಾಗಕ್ಕೆ ಇನ್ನೊಬ್ಬರನ್ನು ನಾನು ಹೇಗೆ ಹಾಕಲಿ? ವರ್ಷವಿಡೀ ಅಚ್ಚಿನ ಮನೆಯ ಲೆಕ್ಕ, ಸಮಿತಿಯ ಜಗಳ, ಮಂಡಿಯ ನೋವು ಎಲ್ಲವನ್ನೂ ತಡೆದುಕೊಳ್ಳುವುದು ಆ ಒಂದು ಸಂಜೆಗಾಗಿ. ನಾನು ಕರೆಯುತ್ತೇನೆ, ಅವನು ಓಗೊಡುತ್ತಾನೆ. ಇದರಿಂದ ನಿನಗೆ ಭಯವಾಯಿತು. ನನಗೆ ಆಗಲಿಲ್ಲ. ಹೆತ್ತವಳಿಗೂ ಕಟ್ಟಿಕೊಂಡವಳಿಗೂ ಇರುವ ವ್ಯತ್ಯಾಸ ಇಷ್ಟೇ.

ಅಧ್ಯಕ್ಷೆ

*

ಜೂನ್ ೧೭

ಅತ್ತೆ,

ನಿಮ್ಮ ಪತ್ರವನ್ನು ಗೂಡಿನಲ್ಲೇ ಕೂತು ಓದಿದೆ. ಒಂದು ಬಸ್ಸನ್ನು ತಪ್ಪು ದಾರಿಗೆ ಕಳಿಸಿದೆ. ಡ್ರೈವರ್ ಇಳಿದು ಬಂದು "ಗಿಣಿ ಇವತ್ತು ಅಳ್ತಾ ಇದೆ" ಎಂದು ಎಲ್ಲರಿಗೂ ಸಾರಿದ.

ಮೇಷ್ಟ್ರ ಮಾತಿನಲ್ಲಿ ನಿಮಗೆ ಹೆಮ್ಮೆ ಕೇಳಿಸಿತು. ನನಗೆ ಕೇಳಿಸಿದ್ದು ಬೇರೆ. ನಾನು ದಿನಾ ಪಾಳಿ ಬದಲಿಸುವವಳು. ಬದಲಿ ಡ್ರೈವರ್ ಬಾರದೆ ಎರಡನೇ ಪಾಳಿಗೂ ಅದೇ ಸೀಟಿನಲ್ಲಿ ಕೂತವರ ಮುಖ ನನಗೆ ಗೊತ್ತು. ಅವರು ಬೈಯುವುದಿಲ್ಲ. ಗೂಡಿನ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೇ. ನಿಮ್ಮ ಮಗನೂ ನಿಂತೇ ಇದ್ದಾರೆ ಅತ್ತೆ. ಕುರ್ಚಿ ಇದ್ದೂ ಕೂರುತ್ತಿಲ್ಲ. ಮೇಷ್ಟ್ರು ಪಕ್ಕದಲ್ಲೇ ಇದ್ದರೂ ಗುಂಡಿ ಒತ್ತಿದ್ದು ಆ ದಣಿವಿನಲ್ಲೇ. ನೀವು ವರ್ಷಕ್ಕೊಮ್ಮೆ ಕರೆಯುತ್ತೀರಿ, ಅವರು ಓಗೊಡುತ್ತಾರೆ, ನೀವು ಸಂತೋಷದಿಂದ ಮನೆಗೆ ಹೋಗುತ್ತೀರಿ. ಅವರಿಗೆ ಮನೆಗೆ ಹೋಗು ಎಂದು ಯಾರು ಹೇಳಿದರು?

ಅವರು ತೀರಿಹೋದ ದಿನ ಸಂಜೆ ಮುಂಬಾಗಿಲಿಗೆ, ಮಳಿಗೆ ಸಾಲಿಗೆ, ವೇದಿಕೆಗೆ ನಾನು ಆ ಮಾತು ಹೇಳಿದೆ. ಅವರಿಗೆ ಹೇಳಲಿಲ್ಲ. ಹೇಳುವ ಅಧಿಕಾರ ನನಗಿರಲಿಲ್ಲ. ಅವರು ಮುಖ್ಯಸ್ಥರು, ಎಲ್ಲರನ್ನೂ ಕಳಿಸುವವರು. ಅವರನ್ನು ಕಳಿಸುವವರು ಯಾರೆಂದು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ನಾನು ಫೆಬ್ರವರಿಯಲ್ಲಿ ಬರೆದು ಕಳಿಸಿದ್ದರಲ್ಲೂ ಅದು ಬಿಟ್ಟುಹೋಗಿದೆ.

ಪೂರ್ತಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಎರಡು ಮಾತು ಸೇರಿಸಿದ್ದೇನೆ. ಬೆಳಗ್ಗೆ ಮುಖ ನೋಡಿ ನಿಲ್ಲಿಸಿದವರು ಇರುವ ಜಾಗವನ್ನು ಮಾತ್ರ ಸಂಜೆ ಕರೆಯತಕ್ಕದ್ದು, ಇದು ಒಂದು. ಇನ್ನೊಂದರಲ್ಲಿ 'ಮುಖ್ಯಸ್ಥರ ಪಾಳಿ ಮುಗಿಯಿತೆಂದು ಹೇಳಬೇಕಾದವರು' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಅಲ್ಲಿ ಬರೆಯುವುದು ನಿಮ್ಮ ಕೆಲಸ. ನೀವು ಅಧ್ಯಕ್ಷರು.

ಪೊಟ್ಟಣದಲ್ಲಿ ಅವರ ವಾಕಿಟಾಕಿ ಇದೆ. ಪಾಳಿ ಮುಗಿಸಿದವರು ಅದನ್ನು ಮೇಜಿಗೆ ಒಪ್ಪಿಸಬೇಕು. ನಾನು ಇಟ್ಟುಕೊಂಡದ್ದು ಸರಿಯಲ್ಲ.

ಹೆತ್ತವಳಿಗೂ ಕಟ್ಟಿಕೊಂಡವಳಿಗೂ ವ್ಯತ್ಯಾಸ ಇದೆ, ಒಪ್ಪಿದೆ. ಆದರೆ ದಣಿದು ಬಂದವರ ಚಪ್ಪಲಿಯ ಸದ್ದು ನನಗೂ ಗೊತ್ತಾಗುತ್ತಿತ್ತು.

ನಿಮ್ಮ ಸೊಸೆ

*

ಅಕ್ಟೋಬರ್ ೨೨

ಮಗಳೇ,

ನಿನಗೆ ಇಷ್ಟು ತಿಂಗಳು ಉತ್ತರ ಬರೆಯಲಿಲ್ಲ. ನೀನು ಬರೆದದ್ದು ನನಗೆ ಹಿಡಿಸಲಿಲ್ಲ. ಪೊಟ್ಟಣವನ್ನು ಬಿಚ್ಚದೆ ಅಚ್ಚಿನ ಮನೆಯ ಕಪಾಟಿನಲ್ಲಿ ಇಟ್ಟಿದ್ದೆ. ಆದರೆ ನೀನು ಬರೆದ ಒಂದು ಮಾತು ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಅವನು ನಿಂತಿದ್ದಾನೆ ಎನಿಸುತ್ತಿತ್ತು. ಮಂಡಿ ನೋವೆಂದು ಮೆಟ್ಟಿಲ ಮೇಲೆ ಕೂತರೆ ಅದೇ. ಚಿಕ್ಕವನಾಗಿದ್ದಾಗಲೂ ಹಾಗೆಯೇ ಇದ್ದ, ಕೂತ್ಕೋ ಎಂದು ನಾನು ಹೇಳುವವರೆಗೆ ಕೂರುತ್ತಿರಲಿಲ್ಲ. ನಾನೇ ಹಾಗೆ ಬೆಳೆಸಿದ್ದು.

ಸಮಾವೇಶ ನಿನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಹಿಂಬಾಗಿಲಿಗೆ ದರ್ಜಿಯನ್ನು ನಿಲ್ಲಿಸಿದೆ. "ಅಮ್ಮಾ, ನಾನು ಸೂಜಿಗೆ ಹೆದರಲ್ಲ, ಇದಕ್ಕೆ ಹೆದರ್ತೀನಿ" ಎಂದಳು. "ಹಿಂದೆ ಮಾತಾಡಿದ್ಯಲ್ಲ, ಈಗ ಮುಂದೆ ನಿಲ್ಲು" ಎಂದೆ. ನಿಂತಳು. ಅವಳಿಗೆ ಬೇರೆ ಕುರ್ಚಿ ಹಾಕಿಸಿದೆ. ಅವನ ಮಡಿಸುವ ಕುರ್ಚಿಯ ಮೇಲೆ ಅವನ ವಾಕಿಟಾಕಿ ಇಟ್ಟೆ. ಬ್ಯಾಟರಿ ಹಾಕಲಿಲ್ಲ.

ಜನ ಬಂದರು, ಸಾಲು ಬಾಗಿತು, ಕತ್ತಿಗಳನ್ನು ಮುಟ್ಟಿ ನೋಡಿದೆವು. ಒಬ್ಬಳು ವೇದಿಕೆಯ ಕೆಳಗೆ ತಲೆಸುತ್ತಿ ಬಿದ್ದಳು, ನೀರು ಕುಡಿದು ಎದ್ದಳು. ಲೋಹದ ಮೇಷ್ಟ್ರು ಬಂದು "ಈ ಸಲ ಶಿರಸ್ತ್ರಾಣ ಒಂದು ನಂಬರ್ ದೊಡ್ಡದು ತಾಯಿ" ಎಂದು ತೆಗೆದು ಹಾಕಿ ತೋರಿಸಿದರು.

ಸಂಜೆ ನಾನೇ ಕರೆದೆ. ಮ್ಯಾನೇಜರು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದರು. ಮುಂಬಾಗಿಲು ಒತ್ತಿತು, ಮಳಿಗೆ ಸಾಲು ಒತ್ತಿತು, ವೇದಿಕೆ ಒತ್ತಿತು. ಹಿಂಬಾಗಿಲು ಎಂದೆ. ಟಿಕ್ ಟಿಕ್, ಗಡಿಬಿಡಿಯಾಗಿ. ಅದು ದರ್ಜಿ. ಅದರ ಹಿಂದೆಯೇ ಇನ್ನೊಂದು ಸಲ. ನಿಧಾನವಾಗಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಉಸಿರು ತೆಗೆದುಕೊಂಡ ಹಾಗೆ. ಇಷ್ಟು ವರ್ಷ ಆ ಸದ್ದನ್ನು ಕೇಳಿದ್ದೇನೆ. ಅದು ಎಷ್ಟು ದಣಿದಿದೆ ಎಂದು ಕೇಳಿಸಿದ್ದು ನಿನ್ನೆಯೇ.

ಮ್ಯಾನೇಜರು ಹುಬ್ಬು ಗಂಟಿಕ್ಕಿದರು. "ಅಲ್ಲಿ ಇಬ್ರು ಇದ್ದಾರಾ?"

"ಇದ್ದಾರೆ. ಒಬ್ರ ಪಾಳಿ ಈಗ ಮುಗಿಯುತ್ತೆ" ಎಂದೆ.

ಮೇಜಿನಿಂದಲೇ ಹೇಳಬಹುದಿತ್ತು. ಹೇಳಲಿಲ್ಲ. ಎದ್ದು ನಡೆದುಕೊಂಡು ಹೋದೆ. ಕಾರ್ಯದರ್ಶಿ ತೋಳು ಹಿಡಿಯಲು ಬಂದ, ಬೇಡವೆಂದೆ. ಆ ಓಣಿ ನಿನಗೆ ನೆನಪಿರಬೇಕು. ಒಂದು ಪಕ್ಕ ತಳ್ಳುಗಾಡಿ, ಇನ್ನೊಂದು ಪಕ್ಕ ಖಾಲಿ ರಟ್ಟಿನ ಡಬ್ಬಗಳು, ಮೇಲೆ ಮಂಕು ಬಲ್ಬು. ದರ್ಜಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮೇಜಿನ ಹತ್ತಿರ ಹೋಗಿ ನಿಲ್ಲು ಎಂದು ಅವಳನ್ನು ಕಳಿಸಿದೆ.

ವಾಕಿಟಾಕಿಯನ್ನು ಕುರ್ಚಿಯಿಂದ ಎತ್ತಿ ಕೈಯಲ್ಲಿ ಹಿಡಿದೆ. "ಕೂತ್ಕೋ ಕಂದ" ಎಂದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕುರ್ಚಿ ಕಿರ್ ಎಂದಿತು, ಭಾರ ಬಿದ್ದ ಕುರ್ಚಿಯ ಹಾಗೆ. ನಾನು ಎದುರಿಗೆ ನಿಂತೆ. ಮಂಡಿ ನೋಯುತ್ತಿತ್ತು. ಅವನು ಸುಧಾರಿಸಿಕೊಳ್ಳಲಿ ಎಂದು ನಿಂತೇ ಇದ್ದೆ. ಮಾತಾಡಬೇಕೆನಿಸಿತ್ತು, ಆಡಲಿಲ್ಲ. ಆಡಿದರೆ ಮತ್ತೆ ಅವನನ್ನು ಹಿಡಿದು ನಿಲ್ಲಿಸಿದಂತೆ ಆಗುತ್ತಿತ್ತು.

ಆಮೇಲೆ ಹೇಳಿದೆ. "ನಿನ್ನ ಪಾಳಿ ಮುಗೀತು. ಮನೆಗೆ ಹೋಗು."

ಮನೆ ಎಂದಾಗ ಯಾವ ಮನೆ ಎಂದು ನಾನು ಹೇಳಲಿಲ್ಲ. ಅದು ಅವನಿಗೆ ಬಿಟ್ಟದ್ದು.

ಮೇಜಿಗೆ ಹಿಂದಿರುಗಿ ಅವನ ವಾಕಿಟಾಕಿಯನ್ನು ಉಳಿದವುಗಳ ಸಾಲಿನಲ್ಲಿ ಇಟ್ಟೆ. ಕಾರ್ಯದರ್ಶಿ ಅದನ್ನು ನೋಡಿದ, ನನ್ನನ್ನು ನೋಡಿದ, ಸಾಲನ್ನು ಸರಿಮಾಡಿದ. ಖಾತ್ರಿಗೆಂದು ಇನ್ನೊಮ್ಮೆ 'ಹಿಂಬಾಗಿಲು' ಎಂದು ಕರೆದೆ. ದರ್ಜಿ ನನ್ನ ಪಕ್ಕದಲ್ಲೇ ಇದ್ದಳು, ಒತ್ತಲು ಅಲ್ಲಿ ಯಾರೂ ಇರಲಿಲ್ಲ. ಮತ್ತೊಮ್ಮೆ ಕರೆದೆ. ನನ್ನ ವಾಕಿಟಾಕಿ ಬರೀ ಗಾಳಿಯ ಹಾಗೆ ಸದ್ದು ಮಾಡಿತು. ಅದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೂತಿದ್ದೆ, ಯಾರೂ ನನ್ನನ್ನು ಎಬ್ಬಿಸಲಿಲ್ಲ.

ನೀನು ಬಿಟ್ಟ ಜಾಗದಲ್ಲಿ 'ಅಧ್ಯಕ್ಷರು' ಎಂದು ಬರೆದು ಸಹಿ ಹಾಕಿ, ಫೆಬ್ರವರಿಯದರ ಬದಲು ಮ್ಯಾನೇಜರಿಗೆ ಕೊಟ್ಟಿದ್ದೇನೆ. 'ಕೇಳಿ ಮುಚ್ಚಬೇಕು' ಎಂದು ನಾನು ತಿದ್ದಿದ್ದನ್ನು ಹೊಡೆದುಹಾಕಿದ್ದೇನೆ. ಮುಂದಿನ ವರ್ಷದಿಂದ ಆಪರೇಷನ್ಸ್ ಮುಖ್ಯಸ್ಥೆ ಎಂದು ನಿನ್ನ ಹೆಸರನ್ನು ಸಮಿತಿಯ ಪುಸ್ತಕದಲ್ಲಿ ಏರಿಸಿಯೂ ಆಯಿತು. ಡಿಪೋದವರು ನಾಲ್ಕು ದಿನ ಗಿಣಿಯಿಲ್ಲದೆ ಬಸ್ಸು ಓಡಿಸುವುದನ್ನು ಕಲಿಯಲಿ. ನಿನ್ನ ಪಾಳಿ ಮುಗಿಯಿತೆಂದು ಹೇಳಲು ನಾನಿರುತ್ತೇನೆ.

ಕುರ್ಚಿಯನ್ನು ಮಡಿಸಿ ಅಚ್ಚಿನ ಮನೆಗೆ ತಂದೆ. ಹಿಂಬಾಗಿಲಿಗೆ ನಾನೇ ಬೀಗ ಹಾಕಿದೆ. ಹಾಕುವ ಮೊದಲು ಓಣಿಯ ತುದಿಯವರೆಗೆ ನಡೆದು ನೋಡಿದೆ. ಒಳಗೆ ಯಾರೂ ಉಳಿದಿರಲಿಲ್ಲ.

ನಿನ್ನ ಅತ್ತೆ